ಆನೆಗಳ ಕೆಳಗಿದ್ದ ಕೌದಿ

ಡಾಕ್ಟರ್ ಪ್ರಾಣೇಶರ ಮನೆಯಲ್ಲಿ ಕಮಲವ್ವನಿಗೆ ಎರಡು ಪರಿಚಯಗಳಿದ್ದವು. ಕನ್ನಡದವರು ಊಟಕ್ಕೆ ಬಂದಾಗ ಆಕೆ ‘ಧಾರವಾಡದಿಂದ ಕರಕೊಂಡು ಬಂದ ನಮ್ಮ ಮನಿ ಆಳು ಕಮಲಿ’. ಪಕ್ಕದ ಮನೆಯ ಬಿಳಿ ಹೆಂಗಸರು ಬಂದಾಗ ಆಕೆ ಇಲ್ಲೇ ಕೆಲಸಕ್ಕಿಟ್ಟುಕೊಂಡ ಅಮೆರಿಕದ ಮೇಡ್. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಿಳಿ ಹೆಂಗಸರು ತಾವೇ ಹಾಗೆಂದುಕೊಂಡರು, ಡಾಕ್ಟರ ಹೆಂಡತಿ ಪದ್ಮಜಾ ತಿದ್ದಲಿಲ್ಲ. 1970ರಲ್ಲಿ ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಇಂಡಿಯದ ಹೆಂಗಸೊಬ್ಬಳ ಮನೆಯಲ್ಲಿ ಕರಿಯ ಮೇಡ್ ಇದ್ದಾಳೆಂದರೆ ಆ ಬೀದಿಯಲ್ಲಿ ಅವಳ ತೂಕವೇ ಬೇರೆ. ಅಂಥ ತೂಕ ಪುಕ್ಕಟೆ ಸಿಗುವಾಗ ಬೇಡವೆನ್ನುವವಳಲ್ಲ ನಮ್ಮ ಪದ್ಮಜಾ.

ಕಮಲವ್ವ ಎಂದು ನಾನು ಈಗ ಬರೆಯುತ್ತಿದ್ದೇನೆ. ಆಗ ನಾನೂ ಕಮಲಿ ಎಂದೇ ಕೂಗುತ್ತಿದ್ದೆ, ಅದೂ ಸೋಫಾದಿಂದ ಏಳದೆ. ಆದ್ದರಿಂದ ಮುಂದೆ ನಾನು ಪದ್ಮಜಳನ್ನು ಎಷ್ಟು ಬೈದರೂ ಅದರಲ್ಲಿ ಅರ್ಧಪಾಲು ನನಗೇ ಸೇರಬೇಕಾದದ್ದು ಎಂದು ಓದುವವರು ತಿಳಿಯಬೇಕು.

ಆಕೆ ಸಿದ್ದಿ ಜನದವಳು, ಹಳಿಯಾಳದ ಕಡೆಯ ಕಾಡಿನವಳು. ಆ ಜನರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿಗೆ ತುಂಬಿ ಗೋವಾಕ್ಕೆ ತಂದು ಮಾರಿದರು. ಅದರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರದ ಕಾಡು ಹೊಕ್ಕು ಅಲ್ಲೇ ಉಳಿದರು. ಮೈಸೂರಿನಲ್ಲಿ ಹಿಸ್ಟರಿ ತೆಗೆದುಕೊಂಡು ಬಿ.ಎ. ಮಾಡಿದ ನನಗೆ ಫ್ರಾನ್ಸಿನ ರಾಜನ ತಲೆ ಯಾವ ತಾರೀಖು ಹಾರಿತೆಂದು ಗೊತ್ತಿತ್ತು. ನಮ್ಮ ರಾಜ್ಯದ ಕಾಡಿನಲ್ಲಿ ಇಂಥ ಜನ ಇದ್ದಾರೆಂದು ಗೊತ್ತಿರಲಿಲ್ಲ. ಕಮಲವ್ವನನ್ನು ಮೊದಲ ಸಲ ನೋಡಿದ ದಿನ ನಾನು ಆಕೆಗೆ “ಹಲೋ, ಹೌ ಆರ್ ಯೂ” ಅಂದೆ. ಆಕೆ “ಅರಾಮ ಅದೀನ್ರಿ ಅಕ್ಕಾರ” ಅಂದಳು. ಆ ಕಥೆ ಹೇಳಿಕೊಂಡು ನಾವು ಎರಡು ವರ್ಷ ನಕ್ಕೆವು.

ನಾವು ಅಂದರೆ ಹದಿನಾಲ್ಕು ಮನೆಯವರು. ರೂಟ್ ಒಂದು ಎಂಬ ಹೆದ್ದಾರಿಯ ಆಚೆ ಈಚೆ ಚದುರಿಕೊಂಡಿದ್ದ ಕನ್ನಡದ ಇಂಜಿನಿಯರುಗಳು, ಡಾಕ್ಟರುಗಳು, ಒಬ್ಬ ಪ್ರೊಫೆಸರು. ನನ್ನ ಗಂಡ ಮುಕುಂದ್ ಇಂಜಿನಿಯರ್. ನಮ್ಮ ಮನೆ ಅಲ್ಲೇ ಕೆಂಡಲ್ ಪಾರ್ಕಿನಲ್ಲಿ. ಅಮೆರಿಕಕ್ಕೆ ಬಂದು ಎರಡು ವರ್ಷವಾಗಿದ್ದರೂ ನಾವ್ಯಾರೂ ಕರಿಯರೇ ಹೆಚ್ಚಾಗಿದ್ದ ಪಕ್ಕದ ಪಟ್ಟಣ ನ್ಯೂಆರ್ಕಿನಲ್ಲಿ ಕಾರು ನಿಲ್ಲಿಸಿದವರಲ್ಲ. ದಾರಿ ತಪ್ಪಿ ಆ ಕಡೆ ಹೋದರೆ ಗಂಡಸರು ಮಾತು ನಿಲ್ಲಿಸಿ ಬಾಗಿಲು ಲಾಕ್ ಮಾಡುತ್ತಿದ್ದರು. 1967ರಲ್ಲಿ ಅಲ್ಲಿ ಕರಿಯರ ದಂಗೆಯೆದ್ದು ಬೆಂಕಿ ಬಿದ್ದಿತ್ತು. ಬಿದ್ದಾಗ ನಮ್ಮಲ್ಲಿ ಒಬ್ಬರೂ ಈ ದೇಶದಲ್ಲಿರಲಿಲ್ಲ. ಆದರೂ ಕಣ್ಣಾರೆ ಕಂಡವರ ಹಾಗೆ ವರ್ಣಿಸುತ್ತಿದ್ದೆವು.

ಪದ್ಮಜಾ 1970ರಲ್ಲಿ, ಮಗಳು ರೇಣು ಎಂಟು ತಿಂಗಳಿನವಳಿರುವಾಗ, ತವರಿನ ಆಳನ್ನು ಕರೆಸಿಕೊಂಡಳು. ಕಮಲವ್ವನಿಗೆ ಆಗ ಮೂವತ್ತೆಂಟು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಬಂದವಳ ಪಾಸ್‌ಪೋರ್ಟನ್ನು ಡಾಕ್ಟರು ಇಸಕೊಂಡು ದೇವರ ಗೂಡಿನಲ್ಲಿ ರಾಯರ ಪಟದ ಹಿಂದೆ ಇಟ್ಟರು. ಇಟ್ಟಿದ್ದನ್ನು ಊಟದ ಮೇಜಿನಲ್ಲಿ ನಮ್ಮೆಲ್ಲರ ಮುಂದೆ ಹೇಳಿದರು, ಇಂಗ್ಲಿಷಿನಲ್ಲಿ. ಬಡಿಸುತ್ತಿದ್ದವಳು ಕಮಲವ್ವ.

“ಅಲ್ಲಿ ಆಕಿ ಕೈ ಹಚ್ಚಂಗಿಲ್ಲ ಬಿಡ್ರಿ,” ಎಂದು ಆಕೆ ಒಳಗೆ ಹೋದಮೇಲೆ ಪದ್ಮಜಾ ಕನ್ನಡದಲ್ಲಿ ಸೇರಿಸಿದಳು. “ಮಡಿ ಅಂದ್ರ ಏನಂತ ಆಕೀಗೆ ಗೊತ್ತದ. ನಮ್ಮ ಅವ್ವ ಛೊಲೊ ಕಲಿಸ್ಯಾಳ.”

ಆಳಿನ ಮುಂದೆ ಇಂಗ್ಲಿಷ್ ಮಾತಾಡುವುದು ನಮ್ಮವರ ಹಳೆಯ ಚಟ. ಧಾರವಾಡದಲ್ಲಿ, ಮೈಸೂರಿನಲ್ಲಿ ಅದು ನಡೆಯುತ್ತಿತ್ತು. ಅಡುಗೆಯವಳ ಗುಣ, ಮನೆಯ ಗುಟ್ಟು, ಸೊಸೆಯ ಬಸಿರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದರೆ ಅದು ಗೋಡೆಯೊಳಗೇ ಉಳಿಯುತ್ತಿತ್ತು. ಆ ಚಟವನ್ನು ನಾವು ಉಪ್ಪಿನಕಾಯಿ ಜಾಡಿಯ ಜೊತೆ ಅಮೆರಿಕಕ್ಕೂ ಹೊತ್ತು ತಂದೆವು. ಇಂಗ್ಲಿಷಿನವರ ಊರಿಗೆ ಬಂದು, ಇಂಗ್ಲಿಷ್ ಟೀವಿ ಹಚ್ಚಿಟ್ಟು, ಇಂಗ್ಲಿಷ್ ಬಿಟ್ಟು ಬೇರೆ ತಿಳಿಯದ ಕೂಸನ್ನು ಆಕೆಯ ಕಂಕುಳಿಗೆ ಕೊಟ್ಟು, ಮೂರು ವರ್ಷ ಆಕೆಯ ಮುಂದೆ ಗುಟ್ಟುಗಳನ್ನು ಇಂಗ್ಲಿಷಿನಲ್ಲಿ ಆಡಿದೆವು. ಇಷ್ಟು ಓದಿದ ಹದಿನಾಲ್ಕು ಮನೆಯ ಜನರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ.

ಕಮಲವ್ವನ ಹಗಲು ಇಷ್ಟು: ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಟೀವಿಯ ಎದುರು ನಿಂತು ಇಸ್ತ್ರಿ, ಸಂಜೆ ರೇಣುವನ್ನು ಆಡಿಸುವುದು. ಮಿಕ್ಕ ಹೊತ್ತಿನಲ್ಲಿ ಬೇಸ್‌ಮೆಂಟಿನಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಪದ್ಮಜಾ ಬಿಟ್ಟ ಸೀರೆಗಳು, ಡಾಕ್ಟರ ಕರೆಬಿದ್ದ ಟೈಗಳು, ಆಸ್ಪತ್ರೆಯ ಹರಿದ ಬೆಡ್‌ಶೀಟು, ರೇಣುವಿಗೆ ಗಿಡ್ಡವಾದ ಫ್ರಾಕು, ಎಲ್ಲವೂ ತುಂಡಾಗಿ ಅದರೊಳಕ್ಕೆ ಹೋದವು. ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು, ಅದು ಸಿದ್ದಿ ಹೆಂಗಸರ ರೀತಿ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವು. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಇದ್ದಂತೆ. ಕೊನೆಗೆ ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚುತ್ತಾರೆ.

ಒಂದು ದಿನ ನಾನು ಬೇಸ್‌ಮೆಂಟಿಗೆ ಇಳಿದಾಗ ಆಕೆ ಅಕ್ಕಿ ಹಾಕುತ್ತಿದ್ದಳು.

“ಅಕ್ಕಿ ಯಾಕೆ ಹಾಕ್ತಿದೀಯ? ಹುಳ ಬೀಳತ್ತೆ,” ಅಂದೆ.

“ಅದರ ಹೊಟ್ಟಿ ತುಂಬಸಬೇಕ್ರಿ ಅಕ್ಕಾರ. ಹೊಚಗೊಂಡು ಮಲಗಾವ್ರಿಗೆ ಅನ್ನ ಕಮ್ಮಿ ಆಗಬಾರದ್ ನೋಡ್ರಿ,” ಅಂದಳು.

ಮೇಲೆ ಬಂದು ಅದನ್ನು ಪದ್ಮಜಳಿಗೆ ಹೇಳಿದೆ. “ಸುಡ್ಲಿ, ಆ ಚಿಂದಿ ಮ್ಯಾಲೆ ತರಬ್ಯಾಡ ಅಂತ ಹೇಳೀನಿ,” ಅಂದಳು. ಉಟ್ಟು ಬಿಟ್ಟ ಬಟ್ಟೆಯ ಕೌದಿ ಮಡಿಗೆ ಬರುವುದಿಲ್ಲ, ಆ ಕೈಯಿಂದ ಹೊಲಿದದ್ದಂತೂ ಮುಟ್ಟುವ ಹಾಗೇ ಇಲ್ಲ. ಅದೇ ಕೈ ಮಾಡಿದ ಚಪಾತಿಯನ್ನು ಮಾತ್ರ ನಾವು ಎಣಿಸದೆ ತಿನ್ನುತ್ತಿದ್ದೆವು.

1973ರ ಜನವರಿಯಲ್ಲಿ ಊರಿನ ಲೈಬ್ರರಿಯವರು ಇಂಡಿಯದ ಗಣರಾಜ್ಯದ ದಿನಕ್ಕೆಂದು ನಮ್ಮ ಗುಂಪಿಗೆ ಒಂದು ಉದ್ದನೆ ಮೇಜು ಬಿಟ್ಟುಕೊಟ್ಟರು. ನಿಮ್ಮ ನಾಡಿನ ಕಲೆ ತೋರಿಸಿ ಅಂದರು. ತೋರಿಸಲು ನಮ್ಮಲ್ಲಿ ಇದ್ದದ್ದು ಶ್ರೀಗಂಧದ ಆನೆಗಳು. ಹದಿನಾಲ್ಕು ಮನೆಯಿಂದ ಇಪ್ಪತ್ತೊಂದು ಆನೆ ಬಂದವು, ಜೊತೆಗೆ ಎರಡು ಹಿತ್ತಾಳೆ ನಟರಾಜ. ಮೇಜು ಕಲೆಬಿದ್ದು ಹೊಲಸಾಗಿತ್ತು. ಹೊರಗೆ ಹಿಮ ಬೀಳುತ್ತಿತ್ತು, ಹಿಂತಿರುಗಿ ಹೋಗಿ ಬೆಡ್‌ಶೀಟು ತರುವ ಹಾಗಿರಲಿಲ್ಲ. ಆಗ ಪದ್ಮಜಾ ಕಾರಿನ ಡಿಕ್ಕಿಯಲ್ಲಿ ಆನೆಗಳು ಒಡೆಯದಿರಲೆಂದು ಕೆಳಗೆ ಹಾಸಿದ್ದ ಕಮಲವ್ವನ ಕೌದಿಯನ್ನು ತಂದು ಮೇಜಿಗೆ ಹೊದಿಸಿದಳು. ಅದರ ಮೇಲೆ ಆನೆಗಳು ಸಾಲಾಗಿ ನಿಂತವು.

ಮಧ್ಯಾಹ್ನ ಮೂರಕ್ಕೆ ಒಬ್ಬ ಕರಿಯ ಹೆಂಗಸು ಬಂದರು. ಐವತ್ತರ ಆಸುಪಾಸು, ಎತ್ತರದ ಆಳು, ಕತ್ತಿನಲ್ಲಿ ಮರದ ಮಣಿಯ ಸರ. ನಮ್ಮ ಹೆಂಗಸರು ತಮ್ಮ ತಮ್ಮ ಪರ್ಸನ್ನು ಹತ್ತಿರ ಎಳೆದುಕೊಂಡರು. ಆಕೆ ಮೇಜಿನ ಮುಂದೆ ಬಾಗಿ ನಿಂತು ಮೊದಲ ಆನೆಯನ್ನು ಎತ್ತಿ ಪಕ್ಕದ ಕುರ್ಚಿಯ ಮೇಲಿಟ್ಟರು. ಆಮೇಲೆ ಎರಡನೆಯದು. ಹೀಗೆ ಒಂದೊಂದಾಗಿ ಹನ್ನೆರಡು ಆನೆ ತೆಗೆದರು. ಪದ್ಮಜಾ ಗಾಬರಿಯಾಗಿ ನನ್ನ ತೋಳು ಚಿವುಟಿದಳು. ಆ ಹೆಂಗಸು ಬರಿದಾದ ಜಾಗದಲ್ಲಿ ಅಂಗೈ ಇಟ್ಟು, ಹೊಲಿಗೆಯ ಗುಂಟ ಬೆರಳು ಓಡಿಸುತ್ತ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು.

“ಇದಾ? ಇದು ಮೇಜಿನ ಬಟ್ಟೆ,” ಅಂದಳು ಪದ್ಮಜಾ.

“ಅದೇ, ಆ ಬಟ್ಟೆಯನ್ನೇ ಕೇಳುತ್ತಿದ್ದೇನೆ.”

ಅವರು ಮಿಸೆಸ್ ಪ್ರೂಯಿಟ್. ನ್ಯೂಆರ್ಕಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು, ಸ್ವತಃ ಕಲಾವಿದೆ. ಅವರ ಮುತ್ತಜ್ಜ ಒಡೆಯನಿಂದ ತಪ್ಪಿಸಿಕೊಂಡು ವರ್ಜೀನಿಯಾದ ಜೌಗು ಕಾಡಿನಲ್ಲಿ ಹನ್ನೊಂದು ವರ್ಷ ಅಡಗಿದ್ದನಂತೆ. ಆ ಕಾಡಿನ ಎಲೆ, ತೊಗಟೆ, ಕೆಸರು ತಂದು ಬಟ್ಟೆಗೆ ಬಣ್ಣ ಕಟ್ಟಿ ಅವರು ದೊಡ್ಡ ದೊಡ್ಡ ಪರದೆಗಳನ್ನು ಮಾಡುತ್ತಿದ್ದರು. ಆಫ್ರಿಕಾದಿಂದ ಹಿಡಿದು ತರಲಾದವರ ಮಕ್ಕಳು ಯಾವ ಯಾವ ಕಾಡಿನಲ್ಲಿ ಬಚ್ಚಿಟ್ಟುಕೊಂಡು ಬಿಡುಗಡೆ ಪಡೆದರು ಎಂಬ ವಿಷಯ ಇಟ್ಟುಕೊಂಡು, ಏಪ್ರಿಲಿನಲ್ಲಿ ತಮ್ಮ ಚರ್ಚಿನ ಹಾಲಿನಲ್ಲಿ ಪ್ರದರ್ಶನ ಏರ್ಪಡಿಸುತ್ತಿದ್ದರು. ಇಂಥ ಹೊಲಿಗೆಯನ್ನು ನನ್ನ ಅಜ್ಜಿಯ ಮಂಚದ ಮೇಲೆ ನೋಡಿದ್ದೇನೆ, ಇಂಡಿಯದವರ ಮೇಜಿನ ಮೇಲೆ ಹೇಗೆ ಬಂತು ಎಂದು ಕೇಳಿದರು.

ಪದ್ಮಜಳ ಮುಖ ಅರಳಿತು. “ಇದು ನಮ್ಮ ಮನೆತನದ್ದು, ಇನ್ನೂರು ವರ್ಷ ಹಳೆಯದು,” ಅಂದಳು. ಮಿಸೆಸ್ ಪ್ರೂಯಿಟ್ ಇನ್ನೊಂದು ಆನೆ ಎತ್ತಿದರು. ಅದರ ಕೆಳಗೆ ಆಸ್ಪತ್ರೆಯ ಬೆಡ್‌ಶೀಟಿನ ತುಂಡು, ಲಾಂಡ್ರಿಯ ನೀಲಿ ಮುದ್ರೆ ಸಮೇತ. ಅದರ ಪಕ್ಕದಲ್ಲಿ ಡಾಕ್ಟರ ಪಾಲಿಯೆಸ್ಟರ್ ಟೈ. ಅವರು ಆನೆಯನ್ನು ಅಲ್ಲೇ ಇಟ್ಟು ವಿಳಾಸ ಬರೆದುಕೊಂಡರು.

ಮುಂದಿನ ವಾರ ಕೌದಿ ಕೇಳಲು ಓಲ್ಡ್ ಬ್ರಿಡ್ಜಿನ ಮನೆಗೇ ಬಂದರು. ನಾನೂ ಅಲ್ಲಿದ್ದೆ. ಬಾಗಿಲು ತೆಗೆದದ್ದು ಕಮಲವ್ವ. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿದರು. ಮಿಸೆಸ್ ಪ್ರೂಯಿಟ್ ತಮ್ಮ ಊರಿನವಳೇ ಸಿಕ್ಕಳೆಂಬ ಧಾಟಿಯಲ್ಲಿ ಏನೋ ಅಂದರು. ಕಮಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, “ಒಳಗ ಬರ್ರಿ ಅವ್ವಾರ,” ಅಂದಳು. ಹಿಂದಿನಿಂದ ಪದ್ಮಜಾ ಓಡಿಬಂದು ಆಕೆಯನ್ನು ಅಡುಗೆಮನೆಗೆ ಕಳಿಸಿದಳು.

ಮಿಸೆಸ್ ಪ್ರೂಯಿಟ್ ಕಾಫಿ ಮುಟ್ಟಲಿಲ್ಲ. “ಒಂದೇ ಒಂದು ಮಾತು,” ಅಂದರು. “ನನ್ನ ಅಜ್ಜಿ ಹೊಲಿದ ಹೊದಿಕೆ ಈಗಲೂ ಒಂದು ಬಿಳಿಯರ ಮನೆಯಲ್ಲಿದೆ. ಅದರ ಕೆಳಗೆ ಆ ಮನೆಯ ಯಜಮಾನಿಯ ಹೆಸರು ಬರೆದಿದೆ. ಆದ್ದರಿಂದ ನನ್ನ ಪ್ರದರ್ಶನದಲ್ಲಿ ಪ್ರತಿಯೊಂದರ ಕೆಳಗೂ ಮಾಡಿದವರ ಹೆಸರಿನ ಚೀಟಿ ಇರುತ್ತದೆ. ಇದಕ್ಕೆ ಯಾರ ಹೆಸರು ಬರೆಯಲಿ?”

ಪದ್ಮಜಾ ರೆಪ್ಪೆ ಮಿಟುಕಿಸಲಿಲ್ಲ. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಅವರು ಕೌದಿ ತೆಗೆದುಕೊಂಡು ಹೋದಮೇಲೆ ನಾನು, “ಏನ್ರೀ ಪದ್ಮಜಾ, ಅದು ಕಮಲಿ ಹೊಲ್ದಿದ್ದಲ್ವಾ?” ಅಂದೆ.

“ಸೀರಿ ಯಾರವು? ಟೈ ಯಾರವು? ದಾರ ಯಾರ ತಂದುಕೊಟ್ಟವ್ರು?” ಅಂದಳು. “ಆಕಿ ಹೆಸರ ಹಾಕಿದ್ರ ನಾಳೆ ಈ ಬೀದ್ಯಾಗ ಎಲ್ಲಾರೂ ಆಕಿ ಯಾರು, ಎಲ್ಲಿಂದ ಬಂದ್ಲು ಅಂತ ಕೇಳತಾರ. ನಮ್ಮ ಇಂಡಿಯಾದಾಗ ಇಂಥಾ ಮಂದಿ ಅದಾರಂತ ಇವರಿಗೆ ನಾವ ಹೇಳಬೇಕೇನು?” ವಾದ ಅಷ್ಟು ಚೊಕ್ಕಟವಾಗಿತ್ತು. ನಾನು ಹೊರಡಲೆಂದು ಎದ್ದೆ.

ಕೋಟು ಹಾಕಿಕೊಳ್ಳುತ್ತಿದ್ದಾಗ ಕಮಲವ್ವ ಬಾಗಿಲಿಗೆ ಬಂದಳು. ದನಿ ಇಳಿಸಿ, “ಅಕ್ಕಾರ, ಅಲ್ಲಿ ಹೊಲದಾವ್ರ ಹೆಸರ ಬರೀತಾರಂತ. ನೀವು ಒಂದ ಮಾತ ಹೇಳಿ ನಂದ ಬರಸ್ರಿ,” ಅಂದಳು. “ನಮ್ಮ ಮಂದಿ ಹೆಸರ ಎಲ್ಲಿನೂ ಬರದಿಲ್ರಿ. ಮಾರೋ ಮುಂದನೂ ಬರೀಲಿಲ್ಲಂತ, ಬರೇ ತಲಿ ಎಣಿಸಿದ್ರಂತ. ನಮ್ಮಜ್ಜಿ ಹೇಳತಿದ್ಲು. ಒಂದ ಕಡೆ ಬರಸ್ರಿ, ಸಾಕು.”

“ನೋಡೋಣ ಕಮಲಿ,” ಅಂದೆ. ಬರೆಯುತ್ತಾರೆಂದು ಆಕೆಗೆ ಹೇಳಿದವರು ಯಾರು ಎಂದು ನಾನು ಯೋಚಿಸಲೇ ಇಲ್ಲ. ಆ ಮಾತುಕತೆ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿತ್ತು.

ಏಪ್ರಿಲ್ ಬಂತು. ಪದ್ಮಜಾ ಕೆಂಪು ಕಾಂಜೀವರಂ ಉಟ್ಟಳು. ಡಾಕ್ಟರು ಬಾಗಿಲು ಲಾಕ್ ಮಾಡಿಕೊಂಡು ನ್ಯೂಆರ್ಕಿಗೆ ಡ್ರೈವ್ ಮಾಡಿದರು. ರೇಣು ಬಿಟ್ಟಿರುವುದಿಲ್ಲವೆಂದು ಕಮಲವ್ವನೂ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ದಾರಿಯುದ್ದಕ್ಕೂ ಪದ್ಮಜಾ ತಾನು ಮಾಡಬೇಕಾದ ಭಾಷಣವನ್ನು ಇಂಗ್ಲಿಷಿನಲ್ಲಿ ಹೇಳಿಹೇಳಿ ನೋಡಿದಳು. ಅದರಲ್ಲಿ ‘ನಮ್ಮ ಪ್ರಾಚೀನ ಪರಂಪರೆ’ ಎಂಬುದು ನಾಲ್ಕು ಸಲ ಬಂತು. ಕಮಲವ್ವ ಕಿಟಕಿಯಾಚೆ ನೋಡುತ್ತಿದ್ದಳು. ಸುಟ್ಟ ಕಟ್ಟಡಗಳ ನಡುವೆ ಹೆಂಗಸರು ಬಟ್ಟೆ ಒಣಹಾಕಿದ್ದರು.

ಹಾಲಿನಲ್ಲಿ ನೂರು ಜನ ಇದ್ದರು. ಗೋಡೆಯ ತುಂಬ ಮಿಸೆಸ್ ಪ್ರೂಯಿಟರ ಕೆಸರುಬಣ್ಣದ ಪರದೆಗಳು, ಎಲೆಯ ಅಚ್ಚುಗಳು, ಬೇರಿನ ಸಿಕ್ಕುಗಳು. ಒಂದು ಪರದೆಯ ಮುಂದೆ ನಾನು ತುಂಬ ಹೊತ್ತು ನಿಂತೆ. ಅದರಲ್ಲಿ ಮನುಷ್ಯರೇ ಇರಲಿಲ್ಲ, ಬರೀ ಮರಗಳು. ಆದರೆ ಪ್ರತಿ ಮರದ ಹಿಂದೆಯೂ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಎಂದು ಅನ್ನಿಸುತ್ತಿತ್ತು. ನನ್ನ ಪಕ್ಕದಲ್ಲಿದ್ದ ಡಾಕ್ಟರು, “ಇದೆಲ್ಲಾ ನಮ್ಮ ರೇಣುನೂ ಮಾಡತಾಳ್ರಿ,” ಅಂದರು. ಎದುರಿನ ಗೋಡೆಯ ನಟ್ಟನಡುವೆ ಕೌದಿ ತೂಗುತ್ತಿತ್ತು, ಬೇಸ್‌ಮೆಂಟಿನಲ್ಲಿ ಕಂಡದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ. ಅದರ ಕೆಳಗಿನ ಚೀಟಿ ಮಾತ್ರ ಖಾಲಿ.

ಮಿಸೆಸ್ ಪ್ರೂಯಿಟ್ ಎಲ್ಲರನ್ನೂ ಅದರ ಮುಂದೆ ಸೇರಿಸಿದರು. ಪದ್ಮಜಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಆದರೆ ಅವರು ಅವಳನ್ನು ದಾಟಿ ಹೋಗಿ, ರೇಣುವನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದ ಕಮಲವ್ವನ ಎದುರು ನಿಂತರು. ನನ್ನನ್ನು ಕರೆದರು. “ನೀವು ಇವರ ಭಾಷೆ ಬಲ್ಲವರು. ಕೇಳಿ. ಇದನ್ನು ಹೊಲಿದವರು ಇವರೇ ತಾನೇ?”

ನಾನು ಕನ್ನಡದಲ್ಲಿ ಕೇಳಿದೆ.

ಕಮಲವ್ವ ಮಗುವನ್ನು ಕೆಳಗಿಳಿಸಿದಳು. ನನ್ನ ಮುಖವನ್ನೇ ನೋಡುತ್ತ ಹೇಳಿದಳು. “ಹೂನ್ರಿ, ನಾನ ಹೊಲದೀನಿ. ನಮ್ಮವ್ವ ಕಲಿಸಿದ್ದು, ಆಕೀಗೆ ಆಕಿ ಅವ್ವ. ನಮ್ಮ ಹಿರ್ಯಾರ್ನ ಹಡಗದಾಗ ಹಾಕಿ ತಂದಿದ್ರಂತ್ರಿ. ಅವರು ಓಡಿ ಬಂದು ಕಾಡ ಹೊಕ್ರು. ಕಾಡ ಅವರನ್ನ ಯಾರಂತ ಕೇಳಲಿಲ್ಲ, ಇಟಗೊಂತು. ಹಸರ ತುಂಡೆಲ್ಲ ಕಾಡ್ರಿ. ಸುತ್ತ ಹೋಗೇತಲ್ಲ ಕೆಂಪ ಪಟ್ಟಿ, ಅದು ಅವರು ಓಡಿದ ದಾರಿ. ನಡಬರಕ ಅಕ್ಕಿ ಇಟ್ಟೀನಿ. ಇಷ್ಟ ಹೇಳ್ರಿ, ನನ್ನ ಹೆಸರೂ ಹೇಳ್ರಿ.”

ಹಾಲಿನಲ್ಲಿ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಜನರ ತಲೆಗಳ ಮೇಲಿಂದ ಪದ್ಮಜಾ ನೋಡುತ್ತಿದ್ದಳು. ಆ ನೋಟದಲ್ಲಿ ಹದಿನಾಲ್ಕು ಮನೆಗಳೂ ಇದ್ದವು. ಯುಗಾದಿಯ ಊಟ, ಚಳಿಗಾಲದ ಭಜನೆ, ಮುಕುಂದನ ಇಸ್ಪೀಟು, ನಾನು ಬಾಣಂತಿಯಾದಾಗ ಬಂದು ಸಾರು ಮಾಡಿಕೊಟ್ಟ ಕೈಗಳು. ಆ ಹದಿನಾಲ್ಕು ಮನೆ ಬಿಟ್ಟರೆ ಈ ದೇಶದಲ್ಲಿ ನನಗೆ ಯಾರಿದ್ದರು? ಜೊತೆಗೆ ವಾಪಸ್ಸು ಅವಳ ಕಾರಿನಲ್ಲೇ ಹೋಗಬೇಕಿತ್ತು. ಕೊನೆಯ ಕಾರಣವೇ ಹೆಚ್ಚು ಕೆಲಸ ಮಾಡಿತು ಅಂದರೆ ಸುಳ್ಳಲ್ಲ. ನಾಚಿಕೆಗೇಡು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: “ಇದು ಇವರ ಯಜಮಾನಿಯ ಮನೆತನದ ಕಲೆಯಂತೆ. ಇವರು ಸೂಜಿಗೆ ದಾರ ಪೋಣಿಸಿಕೊಟ್ಟರಂತೆ, ಅಷ್ಟೇ.”

ಕಮಲವ್ವ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಯ ಕಣ್ಣು ಸ್ವಲ್ಪ ಕಿರಿದಾಯಿತು. ಆಮೇಲೆ ಮಿಸೆಸ್ ಪ್ರೂಯಿಟರ ಕಡೆ ತಿರುಗಿ, ಮಧ್ಯಾಹ್ನದ ಟೀವಿಯ ಹೆಂಗಸರ ಧಾಟಿಯಲ್ಲೇ, ಗಟ್ಟಿಯಾಗಿ ಹೇಳಿದಳು.

“ನೋ ಮೇಡಂ. ಶೀ ಈಸ್ ಲೈಯಿಂಗ್ ಟು ಯೂ. ಐ ಮೇಕ್. ಆಲ್ ಮೈ ಹ್ಯಾಂಡ್. ಮೈ ನೇಮ್ ಈಸ್ ಕಮಲಾ ಸಿದ್ದಿ.”

ಪುಟ್ಟ ರೇಣು ಚಪ್ಪಾಳೆ ತಟ್ಟಿದಳು. ಅವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅವರಿಬ್ಬರೂ ಯಾವಾಗಲೂ ಹಾಗೆಯೇ ಮಾತಾಡುತ್ತಿದ್ದರು. ಡಾಕ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೂರು ವರ್ಷದಲ್ಲಿ ಆಕೆಯ ಮುಂದೆ ಆಡಿದ್ದನ್ನೆಲ್ಲ ಅವರು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದದ್ದು ಮುಖದ ಮೇಲೆಯೇ ಕಾಣುತ್ತಿತ್ತು. ನಾನೂ ನೆನಪಿಸಿಕೊಳ್ಳುತ್ತಿದ್ದೆ. ಆಕೆಯ ಮೈಬಣ್ಣದ ಬಗ್ಗೆ, ಬೆವರಿನ ವಾಸನೆಯ ಬಗ್ಗೆ, ಆಕೆ ಚಪಾತಿ ಹಾಕುತ್ತಿರುವಾಗಲೇ ನಾವು ಆಡಿ ನಕ್ಕದ್ದು ಒಂದೆರಡಲ್ಲ.

ಮಿಸೆಸ್ ಪ್ರೂಯಿಟ್ ಚೀಲದಿಂದ ಪೆನ್ನು ತೆಗೆದು, ಕಮಲವ್ವ ಹೇಳಿದಂತೆ, ಖಾಲಿ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ಕಮಲಾ ಸಿದ್ದಿ, ಹಳಿಯಾಳದ ಕಾಡು. ಮತ್ತೆ ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಹಡಗಿನ ಮಾತು, ಕಾಡಿನ ಮಾತು ಆಕೆಯ ಬಾಯಿಂದಲೇ ಮುರುಕು ಇಂಗ್ಲಿಷಿನಲ್ಲಿ ಬರುತ್ತ ಹೋದ ಹಾಗೆ ಅವರ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನನ್ನ ಅನುವಾದ ಅಲ್ಲಿ ಮತ್ತೆ ಯಾರಿಗೂ ಬೇಕಾಗಲಿಲ್ಲ.

ಅವತ್ತು ಕಮಲವ್ವನೂ ನಮ್ಮ ಜೊತೆ ಅದೇ ಕಾರಿನಲ್ಲಿ ಮನೆಗೆ ಬಂದಳು. ಆಡಲು ಯಾವ ಭಾಷೆಯೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಕಮಲವ್ವ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ದೇವರ ಗೂಡಿನ ಮುಂದೆ ನಿಂತು ಕೈಮುಗಿದು, ರಾಯರ ಪಟವನ್ನು ಮೆಲ್ಲಗೆ ಸರಿಸಿ ಪಾಸ್‌ಪೋರ್ಟು ತೆಗೆದುಕೊಂಡಳಂತೆ. ಪಟವನ್ನು ಮತ್ತೆ ನೆಟ್ಟಗೆ ಇಟ್ಟಳಂತೆ. ರೇಣುವಿಗೆ ಹಾಲು ಕುಡಿಸಿ, ತಲೆ ಬಾಚಿ, ಗಂಟು ಹಿಡಿದು ಹೊರಟಳು. ಬೀದಿಯ ತುದಿಯಲ್ಲಿ ಮಿಸೆಸ್ ಪ್ರೂಯಿಟರ ಹಳೆಯ ಕಾರು ನಿಂತಿತ್ತು. ಮಗು ಮಾತ್ರ ಮೂರು ದಿನ ಅತ್ತಿತು.

ಆಮೇಲೆ ನಮ್ಮ ಹದಿನಾಲ್ಕು ಮನೆಗಳಲ್ಲಿ ನಡೆದ ಚರ್ಚೆ ಕೇಳುವಂತಿತ್ತು. ಆಳು ಓಡಿಹೋದಳು ಎಂದು ಯಾರೂ ಮರುಗಲಿಲ್ಲ. ದೇವರ ಗೂಡು ಮೈಲಿಗೆಯಾಯಿತಲ್ಲ, ಅದಕ್ಕೇನು ಶಾಂತಿ ಮಾಡಿಸಬೇಕು ಎಂದು ಮೂರು ಭಾನುವಾರ ಮಾತಾಡಿದರು. ಪ್ರೊಫೆಸರು ಊರಿಗೆ ಕಾಗದ ಬರೆದು ಕೇಳಿದರು. ಉತ್ತರ ಬರುವ ಹೊತ್ತಿಗೆ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೌದಿಯ ಫೋಟೋ ಬಂದಿತ್ತು, ಕಮಲವ್ವನ ಹೆಸರಿನ ಜೊತೆ. ಕೂಡಲೇ ಪದ್ಮಜಾ ಆ ಪತ್ರಿಕೆಯ ಹಾಳೆಗೆ ಕಟ್ಟು ಹಾಕಿಸಿ ಲಿವಿಂಗ್ ರೂಮಿನಲ್ಲಿ ತೂಗುಹಾಕಿದಳು. “ಆಕಿಗೆ ಚಾನ್ಸ್ ಕೊಟ್ಟವ್ರ ನಾವು. ಒಳಗಿನ ಸೀರಿ ಎಲ್ಲಾ ನಂದ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಆನೆಗಳನ್ನು ಅಟ್ಟಕ್ಕೆ ಹಾಕಿದಳು.

ನಾನು ಐದು ವರ್ಷ ಆ ಕಡೆ ತಲೆಹಾಕಲಿಲ್ಲ. ಮಿಸೆಸ್ ಪ್ರೂಯಿಟರ ಚರ್ಚಿನ ವಕೀಲರು ಕಮಲವ್ವನ ಕಾಗದಪತ್ರ ಸರಿಮಾಡಿಸಿದರೆಂದೂ, ಆಕೆ ನ್ಯೂಆರ್ಕಿನಲ್ಲೇ ಒಂದು ಮಹಡಿಯ ಕೋಣೆಯಲ್ಲಿ ಹೆಂಗಸರಿಗೆ ಕೌದಿ ಕಲಿಸುತ್ತಿದ್ದಾಳೆಂದೂ ಕೇಳಿದ್ದೆ. 1978ರ ಅಕ್ಟೋಬರಿನಲ್ಲಿ ಒಂದು ಶನಿವಾರ, ಗಂಡನಿಗೂ ಹೇಳದೆ, ಹಳೆಯ ಸೀರೆಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಕ್ಷಮೆ ಕೇಳುವುದಕ್ಕೆ ಕೈಯಲ್ಲಿ ಏನಾದರೂ ಇರಲಿ ಎಂದು ಆ ಚೀಲ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಹೇಳಿ ನೋಡಿದೆ, ಪದ್ಮಜಾ ತನ್ನ ಭಾಷಣವನ್ನು ನೋಡಿಕೊಂಡ ಹಾಗೆಯೇ.

ಮಹಡಿಯ ಮೇಲೆ ಹತ್ತು ಹನ್ನೆರಡು ಕರಿಯ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದರು. ನಡುವೆ ಕಮಲವ್ವ. ಕೂದಲು ಅಲ್ಲಲ್ಲಿ ನರೆತಿತ್ತು, ಮೂಗಿನ ಮೇಲೆ ಕನ್ನಡಕ. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಒಬ್ಬಳು ಹುಡುಗಿ ನಡುವಿನ ಜಾಗ ಮುಚ್ಚಲು ಹೊರಟಿದ್ದಳು. ಕಮಲವ್ವ ಅವಳ ಕೈ ತಡೆದು ಡಬ್ಬಿಯಿಂದ ನಾಲ್ಕು ಕಾಳು ಅಕ್ಕಿ ತೆಗೆದುಕೊಟ್ಟಳು.

“ಕಮಲವ್ವಾ, ನಾನು ಪಂಕಜ,” ಅಂದೆ. “ಅವತ್ತು ನಾನು ಮಾಡಿದ್ದು ತಪ್ಪು. ನೀವು ನನ್ನನ್ನ...” ಮುಂದಿನ ಮಾತಿನ ಬದಲು ಚೀಲವನ್ನು ಮುಂದೆ ಚಾಚಿದೆ.

ಆಕೆ ಕೈಚಾಚಿ ಚೀಲ ತೆಗೆದುಕೊಂಡಳು. ಒಂದೊಂದೇ ಸೀರೆ ಬಿಡಿಸಿ, ಬೆಳಕಿಗೆ ಹಿಡಿದು, ಎರಡು ಬೆರಳಿನಲ್ಲಿ ಎಳೆದು ನೋಡಿದಳು. ಮೈಸೂರು ಸಿಲ್ಕಿನ ಹಸಿರು ಸೀರೆಯ ಮೇಲೆ ಕೈ ತುಸು ಹೊತ್ತು ನಿಂತಿತು. ನಾನು ಬಾಗಿಲಲ್ಲೇ ನಿಂತಿದ್ದೆ; ಕೂರು ಅಂತ ಯಾರೂ ಅನ್ನಲಿಲ್ಲ. ಅಕ್ಕಿ ಹಾಕುತ್ತಿದ್ದ ಹುಡುಗಿ ನನ್ನ ಕಡೆ ನೋಡಿ, ಇವರು ಯಾರು ಎಂದು ಆಕೆಯನ್ನು ಕೇಳಿದಳು.

ಕಮಲವ್ವ ಸೀರೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ, ನನ್ನ ಮುಂದೆಯೇ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು.

“ಹರ್? ಶೀ ಲೈಸ್. ಬಟ್ ಗುಡ್ ಕ್ಲಾತ್.”

ಹೆಂಗಸರೆಲ್ಲ ನಕ್ಕರು. ಕಮಲವ್ವ ಕತ್ತರಿ ಎತ್ತಿ ಹಸಿರು ಸೀರೆಯನ್ನು ಉದ್ದಕ್ಕೆ ಸೀಳಿದಳು. ನಾನು ಖಾಲಿ ಚೀಲ ಮಡಿಸಿಕೊಂಡು ಮೆಟ್ಟಿಲಿಳಿದೆ, ಮುಂದಿನ ಶನಿವಾರ ಇನ್ನೆರಡು ಸೀರೆ ತೆಗೆದುಕೊಂಡು ಹೋದೆ.